ನನ್ನ ನಂಬರಿನಿಂದ

ಮೂರು ದಿನದಿಂದ ತಸ್ಲೀಮಾ ಮಾತಿಲ್ಲ.
ಒಂದೇ ತೊಟ್ಟಿಯ ಬಿಸಿನೀರು, ಅತ್ತ ಅವಳು, ಇತ್ತ ನಾನು,
ನಡುವೆ ಗೂಡುಗಳು ಹೊರಳಿ ಹೊರಳಿ ಬೇಯುತ್ತಿದ್ದವು.
ಹನ್ನೊಂದು ಗಂಟೆಯ ಟೀ ಬಂತು.
ಲೋಟ ಹಿಡಿದು ಗೋಡೆ ಕಡೆ ತಿರುಗಿ ಕುಡಿದಳು.
ಕೊಟ್ಟ ಸಾಲ ಕೇಳಿದ್ದೆನಾ? ಇಲ್ಲ.
ಅವಳ ಎಳೆ ಕಡಿದಾಗ ನಕ್ಕಿದ್ದೆನಾ?
ಹದಿನಾಲ್ಕು ವರ್ಷದಿಂದ ನಗುತ್ತಲೇ ಇದ್ದೇವಲ್ಲ, ಇಬ್ಬರೂ.

ನಾಲ್ಕನೇ ದಿನ ಫೋನು ತಂದು ಮುಖಕ್ಕೆ ಹಿಡಿದಳು.
ಅದರಲ್ಲಿ ನಾನಿದ್ದೆ. ಸಣ್ಣ ದುಂಡನೆ ಚಿತ್ರ,
ತಂಗಿಯ ಸೀಮಂತದಲ್ಲಿ ಕನಕಾಂಬರ ಮುಡಿದು ಹಲ್ಲು ಬಿಟ್ಟದ್ದು.
ನನ್ನ ಪಕ್ಕ ಇಂಗ್ಲಿಷ್ ಅಕ್ಷರ, ಸಾಲು ಸಾಲು.
"ನೀನೇ ಬರೆದಿದ್ದೀಯಲ್ಲ ಮುನಿಲಕ್ಷ್ಮೀ, ನೋಡ್ಕೋ."
ನನಗೆ ಓದಲು ಬಾರದು. ಅವಳಿಗೂ ಬಾರದು.
ಮಗಳು ಅಳುತ್ತಾ ಓದಿದ್ದು ಅವಳಿಗೆ ಬಾಯಿಪಾಠವಾಗಿತ್ತು:

ಆರ್ಫಾ ಹತ್ರ ಕೂರಬೇಡಿ, ಹುಳದ ವಾಸನೆ.
ಆರ್ಫಾ ಟಿಫನ್ ಡಬ್ಬೀಲಿ ಹುಳದ ಪಲ್ಯ.
ಆಮೇಲೊಂದು ಸ್ಟಿಕರ್. ತಲೆ ಆ ಮಗುವಿನದು,
ಮೈ ರೇಷ್ಮೆಹುಳದ್ದು, ತೆವಳುತ್ತಾ ಕುಣಿಯುತ್ತದೆ.
ಕೆಳಗೆ ನಗುವ ಹಳದಿ ಮುಖಗಳು, ಎಣಿಸಲಿಲ್ಲ.
ಏಳನೇ ಬಿ ವಿಭಾಗ. ಅಮ್ಮಂದಿರ, ಅಪ್ಪಂದಿರ ನಂಬರು ನಲವತ್ತೊಂದು.
ಬೆರಳೆಲ್ಲಾ ಮಕ್ಕಳದು.

ನನ್ನ ಬೆರಳನ್ನು ಆ ಫೋನು ಗುರುತಿಸುವುದೇ ಇಲ್ಲ.
ಕುದಿನೀರಲ್ಲಿ ಗೆರೆ ಸವೆದು ಹೋಗಿವೆ.
ರೇಷನ್ ಅಂಗಡಿಯಲ್ಲೂ ಇದೇ ಗೋಳು,
ಒರೆಸಿಕೊಳ್ಳಮ್ಮ, ಇನ್ನೊಂದು ಸಲ ಒತ್ತಮ್ಮ.
ಅದಕ್ಕೇ ಪೂರ್ವಿಕಾಳ ಹೆಬ್ಬೆರಳು ಇಡಿಸಿದ್ದು.

ಮನೆಗೆ ಬಂದೆ. ಹೊಡೆಯಲು ಎತ್ತಿದ ಕೈ
ನನ್ನ ಮೂಗಿನ ಮುಂದೆಯೇ ಹಾದುಹೋಯಿತು.
ಎರಡು ಸಲ ಸೋಪು ಹಾಕಿದ್ದೆ, ಆದರೂ.
"ಇದು ಯಾವ ವಾಸನೆ ಹೇಳೇ" ಎಂದೆ.
ಕ್ಯಾಲೆಂಡರ್ ನೋಡುತ್ತಾ ನಿಂತಳು. ಬಹಳ ಹೊತ್ತಾದ ಮೇಲೆ
"ನಾನು ಮೊದಲು ಹೇಳದೆ ಇದ್ದಿದ್ರೆ
ನನಗೇ ಹೇಳ್ತಿದ್ರು" ಅಂದಳು.
ಹನ್ನೆರಡು ತುಂಬಿಲ್ಲ ಇನ್ನೂ.
ಕೈ ಇಳಿಯಿತು, ಸಿಟ್ಟು ಇಳಿಯಲಿಲ್ಲ.

ಅಳಿಸು ಅಂದೆ. ಅಳಿಸಿದ್ರೆ ನಮ್ಮದ್ರಲ್ಲಿ ಮಾತ್ರ ಹೋಗುತ್ತಮ್ಮ.
ಆಗಲೇ ಸಿ ವಿಭಾಗಕ್ಕೂ ಹೋಗಿದೆಯಂತೆ, ಟ್ಯೂಷನ್ನಿಗೂ.
ಗೂಡಿಗಾದರೆ ತುದಿ ಇರುತ್ತದೆ,
ಕಡ್ಡಿ ಆಡಿಸಿದರೆ ಎಲ್ಲೋ ಒಂದು ಎಳೆ ಅಂಟಿ ಬರುತ್ತದೆ.
ಇದರಲ್ಲಿ ಎಲ್ಲಿ ಕೈ ಹಾಕಲಿ?

ರಾತ್ರಿ, ಮೈಕಿನ ಗುರುತು ಒತ್ತಿಹಿಡಿದು ಮಾತಾಡಿದೆ:
ನಾನು ಮುನಿಲಕ್ಷ್ಮಮ್ಮ, ಪೂರ್ವಿಕಾ ತಾಯಿ. ನೂಲು ಬಿಚ್ಚುವವಳು.
ಶಿಡ್ಲಘಟ್ಟದಲ್ಲಿ ಈ ವಾಸನೆಯ ಅನ್ನ ತಿನ್ನದ ಮನೆ ಯಾವುದು, ಹೇಳಿ.
ಆ ಹುಳಕ್ಕೆ ನನ್ನ ತಲೆ ಅಂಟಿಸಿಕೊಳ್ಳಿ,
ಹೆಂಗೂ ನನ್ನ ಮುಖದಿಂದಲೇ ಹೊರಟಿದ್ದು.
ಆರ್ಫಾ, ಮಗಳೇ
ಅಲ್ಲಿ ಬೆರಳು ಜಾರಿತು. ಅಷ್ಟೇ ಹೋಯಿತು.

ಗೆರೆಗಳು ನೀಲಿಯಾದವು.
ಯಾರದೋ ಅಪ್ಪ ಒಂದು ಹೆಬ್ಬೆರಳು ಎತ್ತಿದ.
ಪೂರ್ವಿಕಾ ಪಕ್ಕಕ್ಕೆ ಬಂದು, ಪರದೆ ಸರಿಸಿ, ಮೆಲ್ಲಗೆ ತೋರಿಸಿದಳು:
ತಸ್ಲೀಮಾಳ ನಂಬರು ನಿನ್ನೆಯೇ ಗುಂಪು ಬಿಟ್ಟುಹೋಗಿತ್ತು.

ಬೆಳಿಗ್ಗೆ, ತೊಟ್ಟಿಯ ಆಚೆ ಅವಳು,
ನೀರಿನ್ನೂ ಕಾದಿರಲಿಲ್ಲ.
ಬಾಯಿಂದಲೇ ಹೇಳಬೇಕು. ಬಾಯಿ ತೆರೆದೆ.
ಮಾಲೀಕರ ಹುಡುಗ ಮೋಟಾರು ಹಾಕಿದ.