ದುಭಾಷಿ, ಸೆಕ್ಟರ್ ಇಪ್ಪತ್ಮೂರು

ಥರ್ಮಾಕೋಲಿನ ಅಕ್ಷರಗಳು: ನಾಯಕರೊಡನೆ ಸಂವಾದ.
ಬೆಳಿಗ್ಗೆ ಹತ್ತಕ್ಕೇ ‘ಸ’ದ ಮಗ್ಗುಲ ಸೊನ್ನೆ ಉದುರಿತ್ತು.
ಎತ್ತಿ ಬ್ಯಾಗಿಗೆ ಹಾಕಿಕೊಂಡೆ,
ಅಂಟಿಸಲು ಯಾರಿಗಾದರೂ ಕೊಟ್ಟರಾಯಿತೆಂದು.

ನವನಗರದಲ್ಲಿ ಬೀದಿಗಳಿಗೆ ಹೆಸರಿಲ್ಲ, ನಂಬರು.
ಹೆಸರುಗಳು ಹಳೇ ಬಾಗಲಕೋಟೆಯಲ್ಲಿ,
ಅರ್ಧ ದಡದ ಮೇಲೆ, ಅರ್ಧ ಹಿನ್ನೀರಿನೊಳಗೆ.

ನನ್ನದು ಎರಡು ಕುರ್ಚಿಗಳ ನಡುವಿನ ಸ್ಟೂಲು.
ದಿನಕ್ಕೆ ಮೂರು ಸಾವಿರ, ಊಟ ಅವರದೇ.
ಬಲಕ್ಕೆ, ನಕ್ಷೆಯಲ್ಲಿ ಎರಡು ಸಲ ಹುಡುಕಿದರೂ ಸಿಗದ
ದ್ವೀಪದೇಶದ ಮಂತ್ರಿ; ಹೂವಿನ ಅಂಗಿ, ಕಪ್ಪು ಕೋಟು.
ಎಡಕ್ಕೆ ರಾಜಮಾ ನದಾಫ,
ನೀರಿಗೆ ಹೋದ ಊರಿನ ಕೊನೆಯ ಪಂಚಾಯ್ತಿ ಅಧ್ಯಕ್ಷೆ.
ಊರಿಲ್ಲ, ಪಂಚಾಯ್ತಿಯಿಲ್ಲ;
ಕಿರಾಣಿ ಅಂಗಡಿಯವನು ಇನ್ನೂ ‘ಬರ್ರಿ ಅಧ್ಯಕ್ಷರ’ ಅನ್ನುತ್ತಾನೆ.

ಮೊದಲ ಒಂದು ತಾಸು ಸುಲಭವಿತ್ತು.
ಹವಾಮಾನ, ವಲಸೆ, ಯಂತ್ರ ಯೋಚಿಸುವ ಕಾಲ.
ದೊಡ್ಡ ಮಾತುಗಳಿಗೆ ದೊಡ್ಡ ಮಾತು ಸಿಗುತ್ತವೆ,
ಸರಕಾರಿ ಕನ್ನಡದಲ್ಲಿ ಎಲ್ಲಕ್ಕೂ ಒಂದು ಸಮಾಸವಿದೆ.
ಅಧಿಕಾರಿಯೊಬ್ಬರು ಸ್ಲೈಡು ತೋರಿಸಿದರು:
ಎದೆಯೆತ್ತರದ ಅಲೆ, ಇಸವಿ ಎರಡು ಸಾವಿರದ ಐವತ್ತು.
ರಾಜಮಾ ತಟ್ಟೆಯ ಗೋಡಂಬಿಯನ್ನು ಸೆರಗಿಗೆ ಕಟ್ಟಿಕೊಂಡಳು,
ಮೊಮ್ಮಗಳಿಗೆ.

ಆಮೇಲೆ ಮಂತ್ರಿ ಕಾಗದ ಮಡಚಿಟ್ಟು ಕೇಳಿದ:
ನೀವು ಊರು ಬಿಡಿಸಿದವರು. ಜನರಿಗೆ ಏನು ಹೇಳಿದಿರಿ?

‘ಹೇಳೂದೇನ್ ಬಂತ್ರಿ. ಸುಳ್ಳ ಹೇಳಿದೆ.
ನೀರ ಹೊಸ್ತಿಲತನಕ ಬರಂಗಿಲ್ಲ ಅಂತ ಮೂರ್ ವರ್ಷ ಹೇಳಿದೆ.
ಮ್ಯಾಲಿನವ್ರು ನನಗ ಹೇಳಿದ್ರು, ನಾ ಓಣಿಗೆ ಹೇಳಿದೆ.
ಸುಳ್ಳಂತ ನನಗ ಗೊತ್ತಿತ್ತು. ಓಣಿಗೂ ಗೊತ್ತಿತ್ತು.
ಗಾದಿಗೆ ಹತ್ತಿ ಹಿಂಜತಿದ್ದ ನಮ್ಮಪ್ಪ
ಬಿಲ್ಲು ಬಡದು ಬಡದು ಅಂತಿದ್ದ,
ಗಂಟ ಒಳಗ ಉಳದ್ರ ಮಲಗಿದವನ ಬೆನ್ನಿಗೆ ಗೊತ್ತಾಕ್ಕೈತಿ.’

‘ಸುಳ್ಳು’ ಎಂಬಲ್ಲಿ ನಾನು ತಡೆದೆ.
ಮೊದಲ ಸಾಲಿನಲ್ಲಿ ಜಿಲ್ಲಾಡಳಿತ ಕೂತಿತ್ತು.
‘ಭರವಸೆ’ ಎಂದು ದಾಟಿಸಬಹುದಿತ್ತು,
ಮುಂದಿನ ಸಲವೂ ನನ್ನನ್ನೇ ಕರೆಯುತ್ತಿದ್ದರು.
ಸುಳ್ಳನ್ನು ಸುಳ್ಳೆಂದೇ ದಾಟಿಸಿದೆ.

ಮಂತ್ರಿ ನಗಲಿಲ್ಲ, ಬರೆದುಕೊಳ್ಳಲಿಲ್ಲ.
ತಾನೂ ಹೋದ ತಿಂಗಳು ಒಂದು ಶಾಲೆಯಲ್ಲಿ
ಮಕ್ಕಳ ಮುಂದೆ ನಿಂತು ಅದನ್ನೇ ಹೇಳಿದೆನೆಂದ:
ಗೋಡೆ ಕಟ್ಟುತ್ತೇವೆ, ನೀರು ಬಾರದು.
ಅದನ್ನು ಕನ್ನಡಕ್ಕೆ ತರುವಾಗ
ನನ್ನ ದನಿ ಯಾಕೋ ಅವನದಕ್ಕಿಂತ ಸಣ್ಣಗಿತ್ತು.

ರಾಜಮಾ ಈಗ ಪೂರಾ ಅವನ ಕಡೆ ತಿರುಗಿದಳು,
ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತು.
‘ಏನಪಾ, ನಮ್ಮ ನೀರ ಮೇ ತಿಂಗಳದಾಗ ಹಿಂದ ಸರಿತೈತಿ.
ಗೋರಿ ಕಾಣ್ತಾವ. ಒಲಿ ಕಾಣ್ತೈತಿ.
ಕೆಸರ ತುಳದು ಹೋಗಿ, ಹೊಸ್ತಿಲ ಮ್ಯಾಲ ಕುಂತು
ರೊಟ್ಟಿ ತಿಂದ ಬರ್ತೀವಿ.
ನಿಮ್ಮ ಸಮುದ್ರಕ್ಕ ಬ್ಯಾಸಗಿ ಐತೇನು?’

ಈ ಪ್ರಶ್ನೆಗೆ ಬೇಕಾದ ಪದಗಳೆಲ್ಲ ನನ್ನಲ್ಲಿದ್ದವು.
ಸಮುದ್ರ. ಬೇಸಗೆ. ಇದೆಯೆ.
ಒಂದೂ ಕಷ್ಟದ್ದಲ್ಲ.
ಹೇಳಿದೆ.
ಮೈಕಿನಲ್ಲಿ ಫ್ಯಾನಿನ ಗಾಳಿ ಬಹಳ ಹೊತ್ತು ಮಾತಾಡಿತು.

ಅವನು ಏನೋ ಅಂದ, ಇಂಗ್ಲಿಷಿನಲ್ಲಲ್ಲ,
ತನ್ನ ದ್ವೀಪದ ಮಾತಿನಲ್ಲಿ, ಎರಡೇ ಅಕ್ಷರ.
‘ಏನಂದ?’ ಎಂದು ನನ್ನನ್ನು ಕೇಳಿದಳು.
‘ಗೊತ್ತಾಗಲಿಲ್ಲ ಅಮ್ಮಾ’ ಎಂದೆ,
ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಮೈಕು ಚಾಲೂ ಇರುವಾಗಲೇ.
‘ನನಗ ಗೊತ್ತಾತು.’
ಸೆರಗಿನ ಗಂಟು ಬಿಚ್ಚಿ
ಗೋಡಂಬಿಯನ್ನು ಅವನ ಅಂಗೈಗೆ ಸುರಿದಳು.

ಆಮೇಲೆ ಊಟ, ಗ್ರೂಪ್ ಫೋಟೊ. ಸಂಜೆಗೆ ವರದಿ:
‘ಉಭಯ ನಾಯಕರು ಅನುಭವ ಹಂಚಿಕೊಂಡರು.’
ಟೈಪಿಸ್ಟ್ ಕೇಳಿದ, ಸರಿ ಇದೆಯಾ ಮೇಡಂ?
ಸರಿ ಇದೆ ಎಂದೆ.

ಆಟೋದಲ್ಲಿ ಚಿಲ್ಲರೆಗೆ ಕೈ ಹಾಕಿದರೆ
ಬ್ಯಾಗಿನ ತಳದಲ್ಲಿ ಆ ಸೊನ್ನೆ,
ಅಂಚು ಪುಡಿಯಾಗಿ,
ಹಿಂಜಿದ ಹತ್ತಿಯ ಹಾಗೆ ಬೆರಳಿಗೆಲ್ಲ ಅಂಟಿತ್ತು.