ಆಣೆ ಲೆಕ್ಕ

ಶಹಾಪುರದ ಗುಡ್ಡವನ್ನು ಎಲ್ಲರೂ ಬುದ್ಧ ಎನ್ನುತ್ತಾರೆ.
ಅಂಗಾತ ಮಲಗಿದ್ದಾನೆ: ಹಣೆ, ಮೂಗು, ಗದ್ದ.
ಬಸ್ಸಿನ ಕಿಟಕಿಯಿಂದ ಕೈಮುಗಿಯುವವರೂ ಉಂಟು.
ಹನ್ನೊಂದು ವರ್ಷ ಇದೇ ದಾರಿ ಸವೆಸಿದ ನನಗೆ
ಕಾಣುವುದು ಬೇರೆ.
ಯಾರೂ ಮಗ್ಗುಲು ಬದಲಿಸದೆ ಬಿಟ್ಟ ಮೈ ಅದು.
ಬೆನ್ನಿನಡಿ ಈಗ ಏನಾಗಿರಬಹುದು,
ಟೊಂಕದ ಎಲುಬಿನ ಮೇಲೆ, ಹಿಮ್ಮಡಿಯಲ್ಲಿ?

ಲಾಲಸಾಬನಿಗೆ ಒಮ್ಮೆ ಹೇಳಿದೆ.
ಗೇರು ಬದಲಿಸುತ್ತ ಅಂದ,
"ಸಿಸ್ಟರ್, ನಿಮಗ ರಜಾ ಬೇಕಾಗ್ಯದ."

ದೋರನಹಳ್ಳಿಯ ತಿಪ್ಪವ್ವನಿಗೆ ಬಾಯಿಯ ಹುಣ್ಣು.
ಕಲಬುರಗಿಯ ದೊಡ್ಡಾಸ್ಪತ್ರೆಯವರು
ಚೀಟಿಯ ಮೇಲೆ ಒಂದೇ ಸಾಲು ಬರೆದು ಮನೆಗೆ ಕಳಿಸಿದ್ದರು.
ಆ ಸಾಲು ಮುಗಿದಲ್ಲಿಂದ ನಮ್ಮ ಕೆಲಸ.
ಗಾಯ ತೊಳೆಯುವುದು, ಹುಳ ಹೆಕ್ಕುವುದು,
ಗುಳಿಗೆ ಪುಡಿಮಾಡಿ ಉದುರಿಸಿ ನಾತ ಇಳಿಸುವುದು.
ನಾತ ಇಳಿದ ದಿನ ಮೊಮ್ಮಗಳು
ಎರಡು ತಿಂಗಳ ಮೇಲೆ ಅಜ್ಜಿಯ ಹಾಸಿಗೆ ತುದಿಗೆ ಬಂದು ಕೂತಳು.

ಮೊದಲ ಭೇಟಿಯಲ್ಲಿ ಕೇಳಿದ್ದೆ, ನಮಗೆ ಕಲಿಸಿದ ಹಾಗೆ,
"ಬ್ಯಾನಿ ಎಷ್ಟದ ಆಯಿ? ಹತ್ತರಾಗ ಎಷ್ಟು?"
"ಹತ್ತು ಯಾರ ಲೆಕ್ಕ? ಆಣಿ ಲೆಕ್ಕದಾಗ ಕೇಳು."
ಸರಿ, ಹಾಗೇ ಬರೆದುಕೊಂಡೆ.
ಮಂಗಳವಾರ ಹದಿನಾಕಾಣಿ. ಮಾರ್ಫಿನ್ ಶುರು.
ಮುಂದಿನ ಮಂಗಳವಾರ ಎಂಟು.
ಅಮಾಸಿ ಹೊತ್ತಿಗೆ ಮೂರು, ಮೂರೂವರೆ.
"ಪೂರಾ ತಗೀಬ್ಯಾಡ. ಒಂದಾಣಿ ಇರಲಿ.
ನಾ ಇನ್ನಾ ಇದ್ದೀನಿ ಅಂತ ಗೊತ್ತಾಗಬೇಕಲ್ಲ."
ಡಾಕ್ಟರು ನನ್ನ ಹಾಳೆ ನೋಡಿ ನಕ್ಕು,
ಹದಿನಾರರಿಂದ ಭಾಗಿಸಿ ಹತ್ತರಿಂದ ಗುಣಿಸಿ
ತಿಂಗಳ ವರದಿಗೆ ಹಾಕಿಕೊಂಡರು.

ಒಂದು ಮಧ್ಯಾಹ್ನ. ಹತ್ತಿ ಬಿಡಿಸುವ ಹಂಗಾಮು, ಮನೆಯಲ್ಲಿ ಯಾರಿಲ್ಲ.
ಪಟ್ಟಿ ಸುತ್ತುವ ನನ್ನ ಮಣಿಕಟ್ಟು ಹಿಡಿದಳು.
ಉಳಿದ ಅರ್ಧ ಬಾಯಲ್ಲಿ, ಅಕ್ಷರಕ್ಕೊಮ್ಮೆ ಜೊಲ್ಲು ಒರೆಸಿಕೊಂಡು,
"ನಿಂದೆಷ್ಟಾಣಿ?"
"ನನಗೇನಾಗ್ಯದ? ಏನಿಲ್ಲಬೇ. ನಿನ್ನಾಣಿ."
"ಆಣಿ ಕೇಳಿದ್ರ ಆಣಿ ಇಡ್ತಾಳ ನೋಡು ಹುಡುಗಿ!"
ನಕ್ಕಳು. ಪಟ್ಟಿ ಸಡಿಲಾಯಿತು.
ಮತ್ತೆ ಮೊದಲಿನಿಂದ ಸುತ್ತಿದೆ.

ಆ ವಾರ ನಾಲ್ಕು ಮಂದಿ ಹೋಗಿದ್ದರು.
ಗೋಗಿಯ ಹುಡುಗ, ಹತ್ತೊಂಬತ್ತು;
ಅವನ ನಂಬರು ಫೋನಿನಿಂದ ಇನ್ನೂ ಅಳಿಸಿಲ್ಲ.
ಪೋಸ್ಟಿನ ದೇವಿಂದ್ರಪ್ಪ.
ಉಳಿದಿಬ್ಬರ ಗಾಯ ನೆನಪಿದೆ, ಮುಖ ಇಲ್ಲ.
ಇದನ್ನು ಯಾರಿಗೂ ಹೇಳಿಲ್ಲ.

ಎಸ್ತೇರು ಕ್ರಿಸ್‌ಮಸ್ಸಿಗೆ ಮೊದಲೇ
ಹೆರಿಗೆ ವಾರ್ಡಿಗೆ ವರ್ಗ ಬೇಡಿಕೊಂಡಳು.
"ಅಲ್ಲೂ ಅಳ್ತಾರ ಅಕ್ಕಾ. ಖರೇ, ಅಳೋದು ಬ್ಯಾರೆ."
ಅವಳ ಏಪ್ರನ್ನು ಮೊಳೆಗೇ ಇದೆ. ನಾನೂ ತೆಗೆದಿಲ್ಲ.

ತಿಪ್ಪವ್ವ ಹೋದದ್ದು ಶುಕ್ರವಾರ ನಸುಕಿಗೆ.
ಮಣ್ಣಿಗೆ ಹೋಗಲಾಗಲಿಲ್ಲ, ಅವತ್ತು ಏಳು ಮನೆ ಇದ್ದವು.
ಮಂಗಳವಾರ ಹೋದೆ, ಉಳಿದ ಮಾರ್ಫಿನ್ ವಾಪಸು ತರಲು.
ಕಾಯ್ದೆ ಅದು.
ಸೊಸೆ ಕುಂಕುಮದ ಭರಣಿಯಲ್ಲಿ ಜೋಪಾನ ಮಾಡಿದ್ದಳು.
ಅಂಗೈಮೇಲೆ ಸುರಿದು ಎಣಿಸಿದೆವು. ಹದಿಮೂರು,
ಅಂಚಿಗೆಲ್ಲ ಕೆಂಪು.
ಚಹಾ ಕೊಟ್ಟು ಕೇಳಿದಳು,
"ಇನ್ನ ನೀವು ಬರಲ್ಲಂದ್ರ
ಮಂಗಳವಾರ ಅಂತ ಹ್ಯಾಂಗ್ ಗೊತ್ತಾಗ್ತದ್ರಿ ನಮಗ?"

ರಿಜಿಸ್ಟರು: ಬಂದದ್ದು, ಕೊಟ್ಟದ್ದು, ಉಳಿದದ್ದು.
ಇಬ್ಬರ ಸಹಿ. ಕಪಾಟಿಗೆ ಬೀಗ, ಬೀಗಕ್ಕೆ ಮತ್ತೊಂದು ಬೀಗ.
ಬೆರಳಿನ ಕೆಂಪು ಪುಟದ ಮೂಲೆಗೆ ಹತ್ತಿತು.

ರಾತ್ರಿ ಎರಡಕ್ಕೆ ಎಚ್ಚರಾಗುತ್ತದೆ, ಅಲಾರಂ ಬೇಕಿಲ್ಲ.
ಪಕ್ಕದಲ್ಲಿ ಮಗ, ಆರನೇ ತರಗತಿ, ಅಂಗಾತ ಬಿದ್ದುಕೊಂಡಿದ್ದಾನೆ.
ಹೆಗಲಿಗೊಂದು ಕೈ, ಸೊಂಟಕ್ಕೊಂದು,
ಹಗೂರಕ್ಕೆ ಎಡಕ್ಕೆ ಹೊರಳಿಸಿ
ಬೆನ್ನಿಗೆ ದಿಂಬು ಕೊಡುತ್ತೇನೆ.
ಮೊದಮೊದಲು ಗೊಣಗುತ್ತಿದ್ದ.
ಈಗ ನಾನು ಮುಟ್ಟುವ ಮೊದಲೇ
ನಿದ್ದೆಯಲ್ಲೇ ತಾನೇ ಹೊರಳಿಕೊಳ್ಳುತ್ತಾನೆ.

ಕಿಟಕಿಯಾಚೆ ಗುಡ್ಡ, ಹಾಗೇ, ಅಂಗಾತ.

ಐದಾಣಿ ಇರಬಹುದು, ತಿಪ್ಪವ್ವಾ.
ಇಲ್ಲ, ಆರು.