ಸಡಿಲ ಗಂಟು

ಗ್ರಿಮ್ಸ್‌ಬಿ, ಮಂಗಳವಾರ. ಎರಡನೇ ಕೇಸು:
ಡೊರೀನ್ ಬ್ಲಾಂಚರ್ಡ್, ಎಪ್ಪತ್ತೆಂಟು. ಎಡಗೆನ್ನೆಯಲ್ಲಿ
ಮುತ್ತಿನಂತೆ ಹೊಳೆವ, ಮಾಯದ ಗುಳ್ಳೆ.

ಮರಗಟ್ಟಿಸುವ ಮೊದಲು ಕೇಳಿಕೊಂಡೆ:
ಒಮ್ಮೆ ನಕ್ಕುಬಿಡಿ, ಗೆರೆ ನೋಡಬೇಕು.
ನಗುವಂಥದ್ದೇನಿದೆ, ಎಂದವರು
ನನ್ನ ತಲೆಯ ಬಾತುಕೋಳಿ ಟೋಪಿ ಕಂಡು ನಕ್ಕರು.
ಆ ಮಡಿಕೆಯ ಗುಂಟ ನೇರಳೆ ಪೆನ್ನು ಎಳೆದೆ.

ಕೊಯ್ಯುವುದು ಬೇಗ. ಹೊಲಿಗೆಗೇ ಹೊತ್ತು.
ಎಳೆತವನ್ನೆಲ್ಲ ಆಳದ ದಾರ ಹೊರಬೇಕು,
ಮೇಲಿನದಕ್ಕೆ ಕೆಲಸವೇ ಇರಕೂಡದು;
ಕೂದಲೆಳೆಯ ನೈಲಾನು,
ಅಂಚಿಗೆ ಅಂಚು ತಾಗಿದರೆ ಸಾಕು.

ಹಸಿರು ಬಟ್ಟೆಯಡಿಯಿಂದ ದನಿ:
'ಬಿಗಿಯಬೇಡ ಮಗಳೇ.
ಹದಿನಾರಕ್ಕೇ ಬಂದರಿನಲ್ಲಿ ಬಲೆ ಹೆಣೆದವಳು ನಾನು.
ನೆಂದರೆ ಹಗ್ಗ ಉಬ್ಬುತ್ತೆ, ಗಂಟು ಕಚ್ಚುತ್ತೆ.'

ಪ್ರೊಫೆಸರು ಹೇಳಿದ್ದೂ ಅದನ್ನೇ,
ಇಷ್ಟು ಚೆನ್ನಾಗಲ್ಲ.
ಮೂರನೆಯ ಗಂಟು ಕತ್ತರಿಸಿ ಮತ್ತೆ ಕಟ್ಟಿದೆ,
ನಾಳೆಯ ಊತಕ್ಕೆ ಜಾಗ ಬಿಟ್ಟು.

ಐದನೇ ದಿನ ದಾರ ತೆಗೆದೆ;
ತಡವಾದರೆ ಕೆನ್ನೆಯ ಮೇಲೆ ಏಣಿ ಮೂಡುತ್ತದೆ.
ಆಮೇಲೆ ಸಿಲಿಕೋನ್ ಜೆಲ್, ಬೆರಳ ತಿಕ್ಕು, ಬಿಸಿಲಿಗೆ ಟೋಪಿ.
ಗ್ರಿಮ್ಸ್‌ಬಿಯಲ್ಲಿ ಬಿಸಿಲೇ?

ಮುಂದಿನ ಚಳಿಗಾಲ ಬಂದರು.
ಕಿಟಕಿಯ ಬೆಳಕಿಗೆ ಕೆನ್ನೆ ತಿರುಗಿಸಿ ಹುಡುಕಿದೆ.
ನನ್ನ ನುಡಿಯಲ್ಲಿ ಎರಡಕ್ಕೂ ಒಂದೇ ಹೆಸರು, ಕಲೆ.
ಒಂದು ಇತ್ತು; ಇನ್ನೊಂದು ಕಾಣಲಿಲ್ಲ.

ಹೆಮ್ಮೆಯಿಂದ ಬರೆದುಕೊಳ್ಳುತ್ತಿದ್ದೆ.
ಅವರು ಮೇಜಿನ ಮೇಲೆ ಅಂಗೈ ಬಿಡಿಸಿಟ್ಟರು:
ಹುರಿ ಕೊರೆದ ಬಿಳಿ ಗೀರು, ಬೆರಳಿಂದ ಬೆರಳಿಗೆ.
'ನಿನ್ನ ಜೆಲ್ಲು ಇದಕ್ಕೆ ಬೇಡ.
ಇವು ಸಂಬಳದವು.'